ಬಾಗಿಲು ಹಾಕ್ಕೊಂಡು ಏನ್ ಮಾಡ್ತಿದೀಯ?

ಹದಿಹರೆಯದವರ ಪ್ರೇಮ ಕಾದಂಬರಿಗಳಲ್ಲಿ ಅಪ್ಪ-ಅಮ್ಮಂದಿರು ಎಲ್ಲಿಗೆ ಹೋಗುತ್ತಾರೆ? ಇಂಥ ಪುಸ್ತಕಗಳನ್ನು ಓದಲು ಹಿಡಿದಾಗಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ನಾಯಕನ ಕಣ್ಣು ಹಸಿರೋ ನೀಲಿಯೋ, ಕೊನೆಗೆ ಇಬ್ಬರೂ ಒಂದಾದರೋ ಇಲ್ಲವೋ ಎಂಬುದೆಲ್ಲ ಆಮೇಲಿನ ಮಾತು. ಸ್ಟೆಫನಿ ಮೇಯರ್ ಬರೆದ ‘ಟ್ವಿಲೈಟ್’ನಲ್ಲಿ ಬೆಲ್ಲಾಳ ಅಮ್ಮ ಎರಡನೇ ಮದುವೆಯಾಗಿದ್ದಾಳೆ, ಬೇಸ್‌ಬಾಲ್ ಆಡುವ ಗಂಡನ ಜೊತೆ ಊರೂರು ತಿರುಗುವ ಆಸೆ ಅವಳಿಗೆ. ಅಪ್ಪ ಪೊಲೀಸ್ ಅಧಿಕಾರಿ. ಆದರೆ ರಜೆ ಬಂತೆಂದರೆ ಗಾಳ ಹಿಡಿದು ಮೀನಿಗೆ ಹೋಗಿಬಿಡುತ್ತಾನೆ. ಜೆನ್ನಿ ಹ್ಯಾನ್ 2014ರಲ್ಲಿ ಬರೆದ ‘ಟು ಆಲ್ ದ ಬಾಯ್ಸ್ ಐ ಹ್ಯಾವ್ ಲವ್ಡ್ ಬಿಫೋರ್’ ಕಾದಂಬರಿಯ ಲಾರಾ ಜೀನ್‌ಗೆ ಅಮ್ಮ ಇಲ್ಲ, ಅಪ್ಪ ಹೆರಿಗೆ ಡಾಕ್ಟರು. ಊರಲ್ಲಿ ಯಾರಿಗೋ ನೋವು ಕಾಣಿಸಿಕೊಂಡರೆ ಈ ಮನೆಯಲ್ಲಿ ಪ್ರೇಮಕ್ಕೆ ಪುರುಸೊತ್ತು ಸಿಗುತ್ತದೆ. ಇದ್ದ ಒಬ್ಬ ಅಕ್ಕನನ್ನೂ ಲೇಖಕಿ ಓದಿಗೆಂದು ಸ್ಕಾಟ್ಲೆಂಡಿಗೆ ಸಾಗಹಾಕಿದ್ದಾಳೆ. ಉಳಿದವಳು ತಂಗಿ ಕಿಟ್ಟಿ. ಅಕ್ಕ ಬರೆದು ಹ್ಯಾಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದ ಪ್ರೇಮಪತ್ರಗಳನ್ನೆಲ್ಲ ಕದ್ದು ಅಂಚೆಗೆ ಹಾಕಿದ ಮಹಾತಾಯಿ ಇವಳೇ. ಆ ಇಡೀ ಪುಸ್ತಕದಲ್ಲಿ ನಮ್ಮ ಬೀದಿಯಲ್ಲಿ ಹುಟ್ಟಬೇಕಾಗಿದ್ದವಳು ಅವಳೊಬ್ಬಳೇ.

ಅರಸೀಕೆರೆಯ ನಮ್ಮ ಮನೆಯಲ್ಲಿ ಇಂಥ ಕಥೆ ಎರಡನೇ ಪುಟ ದಾಟುವುದಿಲ್ಲ. ಇರುವುದು ಒಂದು ನಡುಮನೆ, ಒಂದು ಅಡುಗೆಮನೆ, ಒಂದು ಕೋಣೆ. ಕೋಣೆಯಲ್ಲಿ ಬೀರು, ಅಜ್ಜಿಯ ಮಂಚ, ಮೇಲೆ ಹಬ್ಬಕ್ಕೆ ಮಾತ್ರ ಕೆಳಗಿಳಿಯುವ ಹಿತ್ತಾಳೆ ಪಾತ್ರೆಗಳ ಅಟ್ಟ. ಬಾಗಿಲಿಗೆ ಚಿಲಕವೇನೋ ಇದೆ. ಮಳೆಗಾಲದಲ್ಲಿ ಮರ ಉಬ್ಬಿ ಅದು ತೂತಿಗೆ ಸೇರುವುದಿಲ್ಲ. ಬೇಸಿಗೆಯಲ್ಲಿ ಸಲೀಸಾಗಿ ಸೇರುತ್ತದೆ, ಆದರೆ ಬೇಸಿಗೆಯಲ್ಲಿ ಬಾಗಿಲು ಹಾಕಿದರೆ ಒಳಗೆ ಕೂರಲು ಆಗುವುದಿಲ್ಲ. ಹೀಗಾಗಿ ಅದು ವರ್ಷವಿಡೀ ತೆರೆದೇ ಇರುತ್ತದೆ. ಬಟ್ಟೆ ಬದಲಿಸುವಾಗ ಎರಡು ನಿಮಿಷ ಹೆಚ್ಚಿಗೆ ಒಳಗಿದ್ದರೆ ಸಾಕು, ಅಡುಗೆಮನೆಯಿಂದ ಅಮ್ಮನ ದನಿ ಬರುತ್ತದೆ: “ಬಾಗಿಲು ಹಾಕ್ಕೊಂಡು ಏನ್ ಮಾಡ್ತಿದೀಯ?” ಅನುಮಾನ ಪಟ್ಟು ಕೇಳುವುದಲ್ಲ ಅದು. ಹಿತ್ತಿಲಿಂದ ಕರಿಬೇವು ಕಿತ್ತುಕೊಂಡು ಬಾ ಎನ್ನುವುದಕ್ಕೆ ಪೀಠಿಕೆ, ಅಷ್ಟೆ. ಆದರೂ ಹದಿನಾರು ಹದಿನೇಳರ ವಯಸ್ಸಿನಲ್ಲಿ ಆ ಮಾತು ಕೇಳಿ ಕೇಳಿ, ಮುಚ್ಚಿದ ಬಾಗಿಲಿನ ಹಿಂದೆ ಏನಾದರೊಂದು ಮಾಡಲೇಬೇಕೇನೋ ಎಂಬ ಹುಮ್ಮಸ್ಸು ತಾನಾಗಿ ಹುಟ್ಟುತ್ತದೆ. ನಾನು ಮಾಡಿದ್ದು ಇಂಗ್ಲಿಷ್ ಪ್ರೇಮ ಕಾದಂಬರಿ ಓದಿದ್ದು.

ಅದಕ್ಕೆ ಬಾಗಿಲು ಹಾಕುವ ಅಗತ್ಯವೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ನಮ್ಮ ಕಡೆ ಇಂಗ್ಲಿಷ್ ಪುಸ್ತಕ ಎಂದರೆ ಓದು. ಕನ್ನಡ ಕಾದಂಬರಿ ಎಂದರೆ ಕಾಲಹರಣ. ನಡುಮನೆಯ ಮಧ್ಯದಲ್ಲಿ ಕಾಲು ಚಾಚಿ ಕೂತು, ಹುಡುಗನೊಬ್ಬ ಹುಡುಗಿಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುವ ಪುಟವನ್ನು ನಾನು ಓದುತ್ತಿದ್ದರೆ, ಕೊಬ್ಬರಿ ಮಂಡಿಯಿಂದ ಅಪ್ಪನ ಜೊತೆ ಬಂದವರು ನನ್ನ ಕೈಯಲ್ಲಿದ್ದುದರ ದಪ್ಪ ನೋಡಿ ತಲೆದೂಗುತ್ತಿದ್ದರು. “ಮಗಳು ಏನ್ ಸ್ವಾಮಿ, ಮೆಡಿಕಲ್ಲಾ?” ಅಪ್ಪನಿಗೂ ಹೆಮ್ಮೆ. ಅಜ್ಜಿಯಂತೂ ಟಿ.ವಿ. ಸದ್ದು ಕಡಿಮೆ ಮಾಡಿಸುತ್ತಿದ್ದಳು. ಅದೇ ತ್ರಿವೇಣಿಯ ಒಂದು ಕಾದಂಬರಿ ಕೈಯಲ್ಲಿದ್ದರೆ, “ಪರೀಕ್ಷೆ ಇಲ್ವೇನೇ ನಿಂಗೆ?” ತ್ರಿವೇಣಿ ಮನಶ್ಶಾಸ್ತ್ರ ಓದಿದವರು, ಕನ್ನಡದಲ್ಲಿ ಮನಸ್ಸಿನ ಕಾಯಿಲೆಯ ಬಗ್ಗೆ ಅಷ್ಟು ತಿಳಿದು ಬರೆದವರು ಅವರಿಗಿಂತ ಮೊದಲು ಹೆಚ್ಚು ಜನ ಇರಲಿಲ್ಲ ಎಂದೆಲ್ಲ ಹೇಳಿದರೆ ನಮ್ಮಜ್ಜಿ ಕೇಳಬೇಕಲ್ಲ. ಮುತ್ತಿಟ್ಟುಕೊಳ್ಳುವುದು ಇಂಗ್ಲಿಷಿನಲ್ಲಾದರೆ ಜ್ಞಾನ.

ಅಮ್ಮನ ಕಾಲದಲ್ಲಿ ಈ ಅನುಕೂಲ ಇರಲಿಲ್ಲ. ಅವಳು ಓದಿದ್ದು ವಾರಪತ್ರಿಕೆಗಳ ಧಾರಾವಾಹಿಗಳನ್ನು, ಅದೂ ಪಕ್ಕದ ಮನೆಯವರು ಓದಿಯಾದ ಮೇಲೆ. ಬೀರುವಿನ ತಳದಲ್ಲಿ ಅವಳ ಗಂಟೊಂದಿದೆ. ಸುಧಾ, ತರಂಗಗಳಿಂದ ಧಾರಾವಾಹಿಯ ಹಾಳೆಗಳನ್ನಷ್ಟೇ ಹರಿದು, ಜೋಡಿಸಿ, ಗೋಣಿಚೀಲ ಹೊಲಿಯುವ ದಬ್ಬಳದಿಂದ ಬೆನ್ನಿಗೆ ಮೂರು ತೂತು ಮಾಡಿ ದಾರ ಹಾಕಿ ಕಟ್ಟಿದ ಪುಸ್ತಕಗಳು. ಮೇಲೆ ಕ್ಯಾಲೆಂಡರಿನ ಹಾಳೆಯ ರಕ್ಷಾಕವಚ. ಒಂದನ್ನು ತೆರೆದರೆ ಒಂದು ಬದಿಗೆ ನಾಯಕಿ ಕಿಟಕಿಯ ಸರಳು ಹಿಡಿದು ನಿಂತಿರುತ್ತಾಳೆ, ಇನ್ನೊಂದು ಬದಿಗೆ ಹಲಸಿನಹಣ್ಣಿನ ಕಡುಬು ಮಾಡುವ ವಿಧಾನ ಅರ್ಧಕ್ಕೆ ನಿಂತಿರುತ್ತದೆ. ಒಂದು ಸಂಪುಟದ ನಡುವೆ ಮಾತ್ರ ಗೆರೆ ಹಾಕಿದ ನೋಟ್‌ಬುಕ್ ಹಾಳೆ ಹೊಲಿದಿದೆ. ಆ ವಾರದ ಸಂಚಿಕೆ ಸಿಕ್ಕಿರಲಿಲ್ಲವಂತೆ. ಓದಿದ್ದ ಗೆಳತಿಯ ಬಾಯಿಂದ ಕೇಳಿ ಅಮ್ಮ ನೀಲಿ ಇಂಕಿನಲ್ಲಿ ಆ ಕಂತನ್ನು ತಾನೇ ಬರೆದು ಸೇರಿಸಿದ್ದಾಳೆ. ಪಿಯುಸಿ ಹುಡುಗಿಯ ದುಂಡು ಅಕ್ಷರ. ಕಥೆಯ ಸಾರಾಂಶ ಎಂದು ಶುರುವಾದದ್ದು ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಸಂಭಾಷಣೆಗೆ ಇಳಿದಿದೆ. ಮುಂದಿನ ಅಚ್ಚಾದ ಕಂತಿನಲ್ಲಿ ಅಷ್ಟೇನೂ ಒಳ್ಳೆಯವನಲ್ಲದ ನಾಯಕ, ಅಮ್ಮನ ಹಾಳೆಯಲ್ಲಿ ಬಹಳ ಒಳ್ಳೆಯವನು. ನಾಯಕಿಗೆ ಜ್ವರ ಬಂದಾಗ ಗಂಜಿ ಕೂಡ ಕಾಯಿಸುತ್ತಾನೆ. ಹಾಳೆ ತೋರಿಸಿ ಕೇಳಿದ್ದಕ್ಕೆ, “ನಿಂಗ್ಯಾಕೆ ಅದೆಲ್ಲ, ಅಲ್ಲೇ ಇಡು” ಎಂದಳು.

ಕಾಣೆಯಾದ ಪುಟಗಳನ್ನು ತಾನೇ ಬರೆಯುವ ಈ ಚಾಳಿ ವಂಶದಲ್ಲೇ ಬಂದದ್ದಿರಬೇಕು. ಮೈಸೂರಿಗೆ ಎಂ.ಎಸ್ಸಿ.ಗೆ ಬಂದು ಹಾಸ್ಟೆಲ್ ಸೇರಿದ ಹೊಸತರಲ್ಲಿ ಫುಟ್‌ಪಾತಿನಿಂದ ಜಾನ್ ಗ್ರೀನ್‌ನ ‘ದ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ತಂದೆ. 2012ರಲ್ಲಿ ಬಂದ ಪುಸ್ತಕ. ಕ್ಯಾನ್ಸರ್ ಇರುವ ಹೇಝಲ್ ಎಂಬ ಹದಿನಾರರ ಹುಡುಗಿ, ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡ ಅಗಸ್ಟಸ್ ಎಂಬ ಹದಿನೇಳರ ಹುಡುಗ. ತಮ್ಮ ಮೆಚ್ಚಿನ ಕಾದಂಬರಿಯ ಮುಂದಿನ ಕಥೆ ಏನೆಂದು ಅದರ ಲೇಖಕನನ್ನೇ ಕೇಳಲು ಇಂಡಿಯಾನಾಪೊಲಿಸ್‌ನಿಂದ ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತಾರೆ. ಲೇಖಕ ಮಹಾ ಸಿಡುಕ. ನನ್ನದು ಕಳ್ಳ ಮುದ್ರಣದ ಪ್ರತಿ. ಇಂಕು ಒಂದು ಪುಟದಲ್ಲಿ ಕಪ್ಪು, ಇನ್ನೊಂದರಲ್ಲಿ ಬೂದಿ. ಆ ಲೇಖಕ ಕುಡಿದು ಇವರನ್ನು ಹೀನಾಯವಾಗಿ ಬೈಯುತ್ತಿರುವಾಗ ಪುಟ ತಿರುಗಿಸಿದರೆ, ಆಚೆ ಬೇರೆಯೇ ದಿನ, ಬೇರೆಯೇ ಮಾತು. ಒಂದು ಫಾರಂ, ಅಂದರೆ 16 ಪುಟ, ಮಾಯ. ಅದರ ಬದಲಿಗೆ ಮೊದಲೇ ಓದಿದ್ದ ಇನ್ನೊಂದು ಫಾರಂ ಎರಡು ಸಲ ಹೊಲಿದಿದ್ದರು. ಆಚೆಯ ಮಾತಿನ ಧಾಟಿ ನೋಡಿದರೆ ನಡುವೆ ಏನೋ ಭಾರೀ ನಡೆದಿದೆ ಎಂಬುದು ಮಾತ್ರ ಸ್ಪಷ್ಟ.

ಅವತ್ತು ರಾತ್ರಿ ನಾವು ನಾಲ್ವರಿದ್ದ ರೂಮಿನಲ್ಲಿ ಆ 16 ಪುಟ ಬರೆಯುವ ಕೆಲಸ ಶುರುವಾಯಿತು. ಬರೆಯುವುದೆಂದರೆ ಬಾಯಲ್ಲೇ, ಕರೆಂಟು ಹೋಗಿತ್ತು. ಮಡಿಕೇರಿಯವಳು ತಕ್ಷಣ ಮಳೆ ಸುರಿಸಿದಳು. ಒಂದೇ ಕೊಡೆ, ಇಬ್ಬರು, ಕಾಲುವೆಯ ಪಕ್ಕದ ದಾರಿ. ಅವಳ ಊರಿನ ಮಳೆಗೆ ಕೊಡೆ ನಿಲ್ಲುವುದಿಲ್ಲ, ಆ ವಿಷಯ ಅವಳಿಗೇ ಗೊತ್ತು, ಆದರೂ. ಚಾಮರಾಜನಗರದವಳ ಹುಡುಗ ಎರಡು ಪುಟ ಬರೀ ಕ್ಷಮೆ ಕೇಳಿದ, ಯಾವುದಕ್ಕೆ ಎಂದು ಅವಳೂ ಹೇಳಲಿಲ್ಲ. ರಾಯಚೂರಿನವಳು ಅಲ್ಲಿವರೆಗೆ ಸುಮ್ಮನಿದ್ದು, “ಅದೆಲ್ಲ ಇರ್ಲಿ, ಅವರವ್ವ ಎಲ್ಲಿದ್ಳು?” ಎಂದಳು. ಒಳ್ಳೆಯ ಪ್ರಶ್ನೆಯೇ. ಹೇಝಲ್‌ಳ ಅಮ್ಮ ಆಮ್‌ಸ್ಟರ್‌ಡ್ಯಾಮಿಗೆ ಜೊತೆಯಲ್ಲೇ ಬಂದಿದ್ದಾಳೆ. ಅಮ್ಮ ಜೊತೆಗಿದ್ದೂ ಪ್ರೇಮಕಥೆ ಮುಂದೆ ಹೋಗುವುದು ಹೇಗೆ ಎಂಬ ಬಗ್ಗೆ ಬೆಳದಿಂಗಳು ಇಳಿಯುವ ತನಕ ಚರ್ಚೆಯಾಯಿತು. ನಿದ್ದೆ ಬರಿಸಿದೆವು. ತಲೆನೋವು ಬರಿಸಿದೆವು. ಅಂಗಡಿಗೆ ಕಳಿಸಿದೆವು, ಆದರೆ ಯಾವ ಅಮ್ಮ ತಾನೇ ಗೊತ್ತಿಲ್ಲದ ಊರಲ್ಲಿ ಮಗಳನ್ನು ಬಿಟ್ಟು ಅಂಗಡಿಗೆ ಹೋಗುತ್ತಾಳೆ? ಕೊನೆಗೆ ರಾಯಚೂರಿನವಳೇ ಅಮ್ಮನನ್ನು ಹೋಟೆಲಿನ ಲಿಫ್ಟಿನಲ್ಲಿ ಸಿಕ್ಕಿಹಾಕಿಸಿದಳು.

ಪೂರ್ತಿ ಪ್ರತಿ ಸಿಕ್ಕಾಗ ನೋಡಿದರೆ ಜಾನ್ ಗ್ರೀನ್ ಅಂಥದ್ದೇನೂ ಮಾಡಿರಲಿಲ್ಲ. ಆ ಅಮ್ಮ ಸುಮ್ಮನೆ, ನೀವು ಹೋಗಿಬನ್ನಿ ಎಂದು ಹಿಂದೆ ಉಳಿಯುವವಳು. ನಮಗೆ ಯಾರಿಗೂ ಹೊಳೆಯದೆ ಹೋದ ಉಪಾಯ! ಇನ್ನು ಅವರಿಬ್ಬರ ಮೊದಲ ಮುತ್ತು ಮಳೆಯಲ್ಲಲ್ಲ, ಕಾಲುವೆಯ ಪಕ್ಕದಲ್ಲೂ ಅಲ್ಲ. ಆನ್ ಫ್ರ್ಯಾಂಕ್ ಅಡಗಿದ್ದ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿ, ನೋಡಲು ಬಂದ ಜನರ ಎದುರಿಗೆ. ಜನ ಚಪ್ಪಾಳೆ ತಟ್ಟುತ್ತಾರೆ. ಇದನ್ನು ಓದಿ ನಮ್ಮ ರೂಮಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಪಾರ್ಕಿನ ಬೆಂಚಿನ ಮೇಲೆ ಹುಡುಗ ಹುಡುಗಿ ನಡುವೆ ಒಂದು ಬ್ಯಾಗಿನಷ್ಟು ಜಾಗ ಬಿಟ್ಟು ಕೂತರೂ ಸೀಟಿ ಊದಿಸಿಕೊಂಡವರು ನಾವು. ಕಂಡವರು ಚಪ್ಪಾಳೆ ತಟ್ಟಬಹುದು ಎಂಬ ಸಾಧ್ಯತೆ ನಮ್ಮ ನಾಲ್ವರಲ್ಲಿ ಒಬ್ಬಳ ಕಲ್ಪನೆಯಲ್ಲೂ ಇರಲಿಲ್ಲ. ಕ್ಯಾನ್ಸರ್ ನಂಬಿದೆವು, ಆಮ್‌ಸ್ಟರ್‌ಡ್ಯಾಮ್ ನಂಬಿದೆವು, ಈ ಚಪ್ಪಾಳೆ ಮಾತ್ರ ಇವತ್ತಿಗೂ ನಂಬಿಕೆ ಬಂದಿಲ್ಲ.

ಈ ಪುಸ್ತಕಗಳ ಬಗ್ಗೆ ಸಾಮಾನ್ಯವಾಗಿ ಹೇಳುವ ದೂರುಗಳೆಲ್ಲ ನನಗೂ ಒಪ್ಪಿಗೆಯೇ. ಹುಡುಗರೆಲ್ಲ ತುಟಿಯ ಒಂದೇ ಬದಿಯಿಂದ ನಗುತ್ತಾರೆ. ಎರಡೂ ಬದಿ ನಗುವವನು ನಾಯಕನ ಸ್ನೇಹಿತ. ಹುಡುಗಿಯರಿಗೆಲ್ಲ ತಾವು ಚೆಂದವಿಲ್ಲ ಎಂಬ ದುಃಖ, ಅದನ್ನು ಇಬ್ಬರು ಹುಡುಗರು ಪೈಪೋಟಿಯ ಮೇಲೆ ಅಲ್ಲಗಳೆಯಬೇಕು. ‘ಟ್ವಿಲೈಟ್’ನ ಎಡ್ವರ್ಡ್ ನೂರು ವರ್ಷ ದಾಟಿದ ರಕ್ತಪಿಶಾಚಿ, ಅಷ್ಟು ವಯಸ್ಸಾದವನು ಇನ್ನೂ ಹೈಸ್ಕೂಲಿಗೆ ಬರುವುದನ್ನು ಕ್ಷಮಿಸಬಹುದು, ಬೆಲ್ಲಾ ಮಲಗಿರುವಾಗ ಅವಳಿಗೆ ಹೇಳದೆ ಕೋಣೆಗೆ ನುಗ್ಗಿ ರಾತ್ರಿಯಿಡೀ ನೋಡುತ್ತಾ ಕೂರುವುದನ್ನು ಕ್ಷಮಿಸಲಾಗದು. 2005ರ ಈ ಪುಸ್ತಕ ಅದನ್ನು ಪ್ರೇಮ ಎಂದು ಕರೆಯಿತು. ಹಾಸ್ಟೆಲಿನ ಗೇಟಿನಿಂದ ಬಸ್‌ಸ್ಟಾಪಿನವರೆಗೆ ಬೈಕಿನಲ್ಲಿ ಹಿಂಬಾಲಿಸುವವರನ್ನು ಕಂಡವರಿಗೆ ಅದು ಏನೆಂದು ಗೊತ್ತು. ನಮ್ಮ ಸಿನಿಮಾಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ ಬಿಡಿ. ನಾಯಕಿಯ ಹಿಂದೆ ಊರೆಲ್ಲ ಸುತ್ತುವುದೇ ಎಷ್ಟೋ ನಾಯಕರ ಉದ್ಯೋಗ. ಹೀಗೆ ಹಿಂಬಾಲಿಸುವುದು 2013ರಿಂದ ನಮ್ಮ ಕಾನೂನಿನಲ್ಲಿ ಪ್ರತ್ಯೇಕ ಅಪರಾಧ ಎಂದು ನನಗೆ ಹೇಳಿದವಳು ಪಕ್ಕದ ರೂಮಿನ ಎಲ್ಎಲ್‌ಬಿ ಹುಡುಗಿ. ಅವಳು ‘ಟ್ವಿಲೈಟ್’ನ ನಾಲ್ಕೂ ಭಾಗ ಓದಿದ್ದಾಳೆ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ.

ನನ್ನ ಮನಸ್ಸಿಗೆ ಹತ್ತಿರದ್ದು ರೈನ್‌ಬೋ ರೊವೆಲ್‌ಳ ‘ಎಲಿನಾರ್ ಆ್ಯಂಡ್ ಪಾರ್ಕ್’. ಕಥೆ ನಡೆಯುವುದು 1986ರಲ್ಲಿ, ಅಮೆರಿಕದ ನಡುಮಧ್ಯದ ಒಮಾಹಾ ಎಂಬ ಊರಲ್ಲಿ. ಈ ಪುಸ್ತಕದಲ್ಲಿ ಅಪ್ಪ-ಅಮ್ಮ ಎಲ್ಲಿಗೂ ಹೋಗುವುದಿಲ್ಲ. ಎಲಿನಾರ್‌ಳ ಮನೆಯಲ್ಲಿ ಕುಡುಕ ಮಲತಂದೆ, ಸದಾ ಹೆದರಿರುವ ಅಮ್ಮ, ಐದು ಮಕ್ಕಳಿಗೆ ಒಂದು ಕೋಣೆ. ಸ್ನಾನದ ಮನೆಗೆ ಬಾಗಿಲಿಲ್ಲ, ಬಟ್ಟೆ ಇಳಿಬಿಟ್ಟಿದ್ದಾರೆ. ನಾನು ಅಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಅಮೆರಿಕದಲ್ಲೂ ಬಾಗಿಲಿಲ್ಲದ ಮನೆ ಇರುತ್ತದೆ ಎಂದು ಅದುವರೆಗೆ ಒಂದು ಕಾದಂಬರಿಯೂ ನನಗೆ ಹೇಳಿರಲಿಲ್ಲ. ಎಲಿನಾರ್ ಮತ್ತು ಪಾರ್ಕ್ ಎಂಬ ಹುಡುಗನ ಪ್ರೇಮ ಬೆಳೆಯುವುದು ಶಾಲೆಯ ಬಸ್ಸಿನ ಸೀಟಿನಲ್ಲಿ, ಸುತ್ತ ಅಷ್ಟೂ ಹುಡುಗರ ಗಲಾಟೆಯ ಮಧ್ಯೆ. ಮೊದಮೊದಲು ಮಾತೇ ಇಲ್ಲ. ಪಾರ್ಕ್ ತನ್ನ ಕಾಮಿಕ್ಸ್ ಓದುತ್ತಿರುತ್ತಾನೆ, ಅವಳು ಓರೆಗಣ್ಣಲ್ಲಿ ಓದುತ್ತಾಳೆ. ಅದು ಗೊತ್ತಾಗಿ ಅವನು ಪುಟವನ್ನು ಸ್ವಲ್ಪ ಅಗಲ ತೆರೆದು, ಅವಳು ಓದಿ ಮುಗಿಸುವ ತನಕ ತಿರುಗಿಸದೆ ಕಾಯುತ್ತಾನೆ. ಆಮೇಲೆ ಹಾಡಿನ ಕ್ಯಾಸೆಟ್ಟು, ಅದನ್ನು ಕೇಳಲು ಬ್ಯಾಟರಿ ಸೆಲ್ಲು. ಬೇರೆ ಉಡುಗೊರೆ ಬೇಡ, ಸೆಲ್ಲು ಸಾಕು ಎನ್ನುತ್ತಾಳೆ ಅವಳು. ಕೈ ಹಿಡಿಯುವ ಹೊತ್ತಿಗೆ ಓದುವವರ ಕೈ ಬೆವರಿರುತ್ತದೆ.

ಸ್ಟೂಡೆಂಟ್ ಪಾಸ್ ಇಟ್ಟುಕೊಂಡು ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ಪ್ರೇಮಗಳ ಮೇಲ್ವಿಚಾರಕ ಕಂಡಕ್ಟರೇ. ಅವನಿಗೆ ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ಯಾರು ಹತ್ತುವ ತನಕ ಯಾರು ಒಳಗೆ ಸರಿಯುವುದಿಲ್ಲ ಎಲ್ಲ ಗೊತ್ತು. “ಒಳಗ್ ಹೋಗ್ರೀ, ಜಾಗ ಐತೆ” ಎಂದು ಅವನು ಕೂಗುವುದರಲ್ಲಿ ಅರ್ಧ ತಮಾಷೆಯೂ ಇರುತ್ತದೆ.

ನನ್ನ ಈ ಬಾಗಿಲಿನ ಗೀಳು ಹೆಚ್ಚಾಗಲು ಇನ್ನೊಂದು ಕಾರಣ 1942. ಆ ವರ್ಷ ಅಮೆರಿಕದಲ್ಲಿ ಮೌರೀನ್ ಡೇಲಿ ಎಂಬ ಕಾಲೇಜು ಹುಡುಗಿಯ ‘ಸೆವೆಂಟೀನ್ತ್ ಸಮ್ಮರ್’ ಪ್ರಕಟವಾಯಿತು. ಹದಿಹರೆಯದವರ ಕಾದಂಬರಿ ಎಂಬ ಪ್ರಕಾರವೇ ಅಲ್ಲಿಂದ ಶುರುವಾಯಿತು ಎನ್ನುವವರು ಬಹಳ ಜನ. ವಿಸ್ಕಾನ್ಸಿನ್ ರಾಜ್ಯದ ಸರೋವರದ ದಡದ ಊರು. ಹದಿನೇಳರ ಆ್ಯಂಜಿ, ಬೇಕರಿಯವರ ಮಗ ಜ್ಯಾಕ್. ಜೂನಿನಿಂದ ಆಗಸ್ಟಿನವರೆಗೆ ಒಂದು ಬೇಸಿಗೆ ರಜೆ. ದೋಣಿ ಇದೆ, ಕಾರಿದೆ, ಕತ್ತಲಾದ ಮೇಲೂ ಹೊರಗಿರುವ ಅಪ್ಪಣೆ ಇದೆ. ಅದನ್ನು ನಾನು ಓದಿದ್ದು ಅರಸೀಕೆರೆ–ಮೈಸೂರು ರೈಲಿನಲ್ಲಿ, ಹೊಳೆನರಸೀಪುರದಲ್ಲಿ ಹತ್ತಿದವರ ಹೂವಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಮುಟ್ಟುವುದೇ ಅಪರೂಪ ಎನ್ನುವಷ್ಟು ಸಂಕೋಚದ ಕಥೆ. ಆದರೆ ಆ ಹುಡುಗಿಯ ಕೈಯಲ್ಲಿ ಹೊತ್ತು ಎಷ್ಟಿದೆ! ಒಂದು ಸಂಜೆಯನ್ನು ಪುಟಗಟ್ಟಲೆ ಹರಡಿಕೊಂಡು ಕೂರುತ್ತಾಳೆ.

ಅದೇ 1942ರಲ್ಲಿ ಕನ್ನಡದಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಬಂತು. ನಮ್ಮ ಭಾಷೆಯ ಹರೆಯದ ಪ್ರೇಮವೆಲ್ಲ ಅದರಲ್ಲಿದೆ, ಆದರೆ ಅಲ್ಲಿಯ ಹುಡುಗ ಹುಡುಗಿಗೆ ಮೊದಲೇ ಮದುವೆಯಾಗಿಬಿಟ್ಟಿದೆ. ಆದರೂ ನೆಮ್ಮದಿ ಇದೆಯೇ? ಮಾವನ ಮನೆಗೆ ರಾತ್ರಿ ಬಂದಿಳಿದ ಅಳಿಯನಿಗೆ ಮನೆಮಂದಿಯೆಲ್ಲ ಸೇರಿ ಮಾಡುವ ಉಪಚಾರದ ಪದ್ಯವನ್ನು ಕನ್ನಡಿಗರೆಲ್ಲ ಹಾಡಿಕೊಂಡಿದ್ದಾರೆ. ಕಾಲಿಗೆ ನೀರು ಸಿಗುತ್ತದೆ, ಊಟ ಸಿಗುತ್ತದೆ, ಹಾಸಿಗೆ ಸಿಗುತ್ತದೆ, ಹೆಂಡತಿಯ ಮುಖವೊಂದು ಆ ರಾತ್ರಿ ಸಿಗುವುದಿಲ್ಲ. ಅವಳು ಒಳಗಿಲ್ಲದ ದಿನ ಅದು. ಮನೆ ತುಂಬ ಜನ, ಗಂಡ ಒಬ್ಬಂಟಿ. ಇನ್ನು ಅದೇ ವರ್ಷದ ಜೂನಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆನ್ ಫ್ರ್ಯಾಂಕ್ ಡೈರಿ ಬರೆಯಲು ತೊಡಗಿದಳು, ಜುಲೈನಲ್ಲಿ ಅಡಗುದಾಣ ಸೇರಿದಳು. ಎರಡು ವರ್ಷ ಎಂಟು ಜನ. ಹಲ್ಲಿನ ಡಾಕ್ಟರೊಬ್ಬರ ಜೊತೆ ಒಂದೇ ಕೋಣೆ ಹಂಚಿಕೊಂಡ ಆ ಹುಡುಗಿಗೆ ಜೊತೆಗಿದ್ದ ಪೀಟರನ ಮೇಲೆ ಮನಸ್ಸಾದಾಗ ಮಾತಾಡಲು ಸಿಕ್ಕಿದ್ದು ಅಟ್ಟದ ಮೂಲೆ. ಜಾನ್ ಗ್ರೀನ್ ತನ್ನ ಜೋಡಿಯನ್ನು ಆ ಮನೆಗೇ ಹತ್ತಿಸಿದ್ದಕ್ಕೆ ಅವನದೇ ಕಾರಣಗಳಿರಬಹುದು. ನನಗೆ ಕಂಡದ್ದು ಅಟ್ಟ. ನಮ್ಮ ಮನೆಯ ಅಟ್ಟದಲ್ಲಿ ಹಿತ್ತಾಳೆ ಪಾತ್ರೆ ತೆಗೆದರೆ ಒಬ್ಬಳು ಕೂರಬಹುದು, ಇಬ್ಬರು ಸಾಧ್ಯವಿಲ್ಲ. ಅಳತೆ ನೋಡಿದ್ದೇನೆ.

ಹೀಗೆ ಯೋಚಿಸುತ್ತಾ ಹೋದರೆ ನಮ್ಮ ಜನಪ್ರಿಯ ಕಾದಂಬರಿಗಳಲ್ಲಿ ಮೂರನೇ ಅಧ್ಯಾಯಕ್ಕೇ ಮದುವೆ ಯಾಕೆ ಬರುತ್ತದೆ ಎಂಬುದು ತಿಳಿಯುತ್ತದೆ. ಸಂಪ್ರದಾಯ, ಮಡಿವಂತಿಕೆ ಎಂದೆಲ್ಲ ಪಂಡಿತರು ಹೇಳುತ್ತಾರೆ. ನನ್ನ ಪ್ರಕಾರ ಅದು ಚಿಲಕದ ಸಮಸ್ಯೆ. ಅಮೆರಿಕದ ಹುಡುಗಿಗೆ ಹದಿನಾರಕ್ಕೆ ಡ್ರೈವಿಂಗ್ ಲೈಸೆನ್ಸು ಸಿಗುತ್ತದೆ, ಮನೆಯಲ್ಲಿ ಅವಳದೇ ಕೋಣೆ ಇರುತ್ತದೆ, ಆ ಕೋಣೆಗೆ ಬರುವ ಮುಂಚೆ ಅಪ್ಪ ಬಾಗಿಲು ತಟ್ಟುತ್ತಾನೆ. ನಮ್ಮಲ್ಲಿ ಇಬ್ಬರು ಒಳಗೆ ಹೋಗಿ ಚಿಲಕ ಹಾಕಿಕೊಂಡರೂ ಯಾರೂ ಏನು ಮಾಡುತ್ತಿದ್ದೀರಿ ಎಂದು ಕೇಳದಿರಲು ಇರುವ ದಾರಿ ಒಂದೇ, ತಾಳಿ. ಕಥೆಗಾರ್ತಿಗೆ ತನ್ನ ಜೋಡಿ ನಾಲ್ಕು ಮಾತಾಡಲಿ ಎಂದಿದ್ದರೆ ಅವಳು ಮೊದಲು ಛತ್ರ ಬುಕ್ ಮಾಡಬೇಕು. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಲ್ಲಿ ಈಗ ನನ್ನ ವಯಸ್ಸಿನವರು ಕಂತು ಕಂತಾಗಿ ಬರೆಯುವ ಕಥೆಗಳನ್ನು ನೋಡಿ: ನಾಯಕ ಕಂಪನಿಯ ಮಾಲೀಕ, ಮುಂಗೋಪಿ, ಯಾವುದೋ ಒಪ್ಪಂದಕ್ಕೆ, ಯಾವುದೋ ಹಟಕ್ಕೆ ಮದುವೆ, ಪ್ರೇಮ ಆಮೇಲೆ, ಒಂದೇ ಸೂರಿನ ಕೆಳಗೆ, ಸೋಫಾದ ಮೇಲೆ ಯಾರು ಮಲಗಬೇಕು ಎಂಬ ಜಗಳದಿಂದ. ಓದುವವರು ನಗುತ್ತಾರೆ. ನಾನು ನಗುವುದಿಲ್ಲ. ಇವರು ‘ಮೈಸೂರ ಮಲ್ಲಿಗೆ’ಯ ಮೊಮ್ಮಕ್ಕಳು, ಪದ್ಯ ಬರುವುದಿಲ್ಲ, ಅಷ್ಟೆ.

ಮದುವೆ ನಿಶ್ಚಯವಾದರೂ ಅರ್ಧ ಚಿಲಕ ಸಿಕ್ಕಂತೆ. ತ್ರಿವೇಣಿಯವರ ‘ಬೆಳ್ಳಿಮೋಡ’ದ ಇಂದಿರಾ ಹಾಗೆ ಅರ್ಧ ಚಿಲಕದ ಪ್ರೇಮಿ. ಅವಳ ಅಪ್ಪನ ದುಡ್ಡಿನಲ್ಲಿ ಅಮೆರಿಕಕ್ಕೆ ಓದಲು ಹೋಗಿಬಂದ ಮೋಹನನಿಗೆ ಅವಳೆಂದರೆ ಆಸ್ತಿಯೂ ಸೇರಿದ ಇಂದಿರಾ. ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪುತ್ತಲೇ ಅವನ ಪ್ರೇಮವೂ ಆರಿತು. ಆಮೇಲೆ ಅವನು ಕಾಲು ಮುರಿದುಕೊಂಡು ಅವರ ಮನೆಯಲ್ಲೇ ಬಿದ್ದ. ಅವಳೇ ಶುಶ್ರೂಷೆ ಮಾಡಿದಳು. ಅವನಿಗೆ ಬುದ್ಧಿ ಬಂತು, ಮದುವೆಯಾಗೋಣ ಎಂದ. ಆಗ ಅವಳು ಬೇಡ ಎಂದಳು. 1967ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ ಮೇಲೆ ಕಲ್ಪನಾಳ ಮುಖದಲ್ಲಿ ಆ ಬೇಡ ಎಂಬುದು ಊರೂರಿಗೂ ಗೊತ್ತಾಯಿತು. ನಾನು ಓದಿದ ಇಂಗ್ಲಿಷ್ ಪುಸ್ತಕಗಳ ರಾಶಿಯಲ್ಲಿ ತಪ್ಪು ತಿದ್ದಿಕೊಂಡು ಬಂದ ಹುಡುಗನನ್ನು, ಇನ್ನೊಬ್ಬ ಹುಡುಗ ಕಾಯುತ್ತಿಲ್ಲದಿರುವಾಗಲೂ, ಬೇಡ ಎಂದವಳು ಒಬ್ಬಳೂ ನೆನಪಿಗೆ ಬರುವುದಿಲ್ಲ. ಹಳೇ ಸರ್ಕ್ಯುಲೇಟಿಂಗ್ ಲೈಬ್ರರಿಯೊಂದು ಮುಚ್ಚಿದಾಗ ತೂಕಕ್ಕೆ ತಂದ ನನ್ನ ಪ್ರತಿಯಲ್ಲಿ, ಮೋಹನ ಮೊದಲು ಬರುವ ಪುಟದ ಅಂಚಿನಲ್ಲೇ ಯಾರೋ ಪೆನ್ಸಿಲಿನಲ್ಲಿ ‘ಇವನನ್ನು ನಂಬಬೇಡ’ ಎಂದು ಬರೆದಿದ್ದಾರೆ. ಅದರ ಕೆಳಗೆ ಬೇರೆ ಕೈಬರಹದಲ್ಲಿ, ಪೆನ್ನಿನಲ್ಲಿ: ‘ಮೊದಲೇ ಯಾಕೆ ಹೇಳಿದಿರಿ?’ ಒಂದು ರೂಪಾಯಿ ಬಾಡಿಗೆಗೆ ಎಂಥ ಓದುಗರ ಬಳಗ!

ಎಲ್ಎಲ್‌ಬಿಯವಳು ನನ್ನ ಚಿಲಕದ ಸಿದ್ಧಾಂತವನ್ನು ಪೂರ್ತಿ ಒಪ್ಪುವುದಿಲ್ಲ. ಬಾಗಿಲಿದ್ದರೆ ಸಾಕೇ, ಹೊರಗೆ ಯಾರು ನಿಂತಿದ್ದಾರೆ ನೋಡು ಎನ್ನುತ್ತಾಳೆ. ಹೇಝಲ್ ಮತ್ತು ಅಗಸ್ಟಸ್ ಪುಸ್ತಕದಂಗಡಿಗೆ ಬಂದ 2012ರಲ್ಲೇ ನಮ್ಮಲ್ಲಿ ಪೋಕ್ಸೊ ಕಾಯ್ದೆ ಬಂತು. ಮಕ್ಕಳ ರಕ್ಷಣೆಗೆ ಬೇಕೇಬೇಕಾಗಿದ್ದ ಕಾನೂನು; ಅದರ ಪ್ರಕಾರ ಹದಿನೆಂಟು ತುಂಬದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. 2023ರಲ್ಲಿ ಕಾನೂನು ಆಯೋಗವೂ ಆ ವಯಸ್ಸನ್ನು ಇಳಿಸಬೇಡಿ ಎಂದಿತು. ಆದರೆ ಹದಿನೇಳರ ಹುಡುಗಿ ಹತ್ತೊಂಬತ್ತರ ಹುಡುಗನ ಜೊತೆ ಹೊರಟುಹೋದರೆ ಎಷ್ಟೋ ಸಲ ಹುಡುಗಿಯ ಮನೆಯವರು ಠಾಣೆಗೆ ಹೋಗುವುದು ಅವಳ ವಯಸ್ಸಿನ ಚಿಂತೆಯಿಂದಲ್ಲ, ಅವನ ಜಾತಿಯ ಚಿಂತೆಯಿಂದ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಚಿನ್ನಮ್ಮ ಮದುವೆಯ ಗದ್ದಲದಿಂದ ತಪ್ಪಿಸಿಕೊಂಡು ಕಾಡು ಬಿದ್ದಳಲ್ಲ, ಇವತ್ತು ಅದೇ ಕಥೆಯಾದರೆ ಎಫ್ಐಆರ್ ಎಷ್ಟು ಪುಟ ಆಗುತ್ತಿತ್ತು ಎಂದು ಅವಳು ಲೆಕ್ಕ ಹಾಕುತ್ತಾಳೆ. ನಮ್ಮ ಹರೆ‍ಯದ ಪ್ರೇಮಕಥೆಗಳು ಅಚ್ಚಾಗುವುದು ಪತ್ರಿಕೆಯ ಒಳಪುಟದಲ್ಲಿ, ಹೆಸರು ಬದಲಿಸಲಾಗಿದೆ ಎಂಬ ಟಿಪ್ಪಣಿಯೊಂದಿಗೆ ಎಂಬುದು ಅವಳ ವಾದ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಅವಳ ಬಳಿ ‘ಟ್ವಿಲೈಟ್’ನ ನಾಲ್ಕನೇ ಭಾಗ, ನನ್ನ ‘ಬ್ರೇಕಿಂಗ್ ಡಾನ್’ ಇದೆ, ಅದನ್ನು ಅವಳು ವಾಪಸು ಕೊಡಬೇಕು.

ಹೋದ ರಜೆಯಲ್ಲಿ ಲಾರಾ ಜೀನ್‌ಳ ಮೂರೂ ಭಾಗಗಳನ್ನು ಊರಿಗೆ ಒಯ್ದಿದ್ದೆ. ಅಮ್ಮ ಹುರುಳಿಕಾಯಿ ಬಿಡಿಸುತ್ತಾ, “ಏನದು ಅಷ್ಟು ನಗ್ತಿದೀಯ, ನಂಗೂ ಹೇಳು” ಎಂದಳು. ಹೇಳಿದೆ. ಹೇಳುವಾಗ ಕೆಲವು ಜಾಗ ನಾನೇ ಫಾರಂಗಟ್ಟಲೆ ಹಾರಿಸಿದೆ ಎಂಬುದು ಬೇರೆ. ತಾಯಿಯಿಲ್ಲದ ಮೂವರು ಹೆಣ್ಣುಮಕ್ಕಳು ಎಂದಾಗ ಅವಳ ಕೈ ನಿಂತಿತು. ಕಿಟ್ಟಿಯ ಮೇಲೆ ಸಿಟ್ಟು ಬಂತು. ಲಾರಾ ಜೀನ್ ಚೆನ್ನಾಗಿ ಕೇಕು ಬಿಸ್ಕತ್ತು ಮಾಡುತ್ತಾಳೆ ಎಂದಾಗ ಅವಳ ಮೇಲೆ ಅಭಿಮಾನ ಬಂತು. ಲಾರಾ ಜೀನ್ ಮೆಚ್ಚಿದ ಪೀಟರ್ ಎಂಬ ಹುಡುಗ ಹೇಗೆ, ಅವರಪ್ಪ ಏನು ಮಾಡುತ್ತಾನೆ ಎಂದು ಕೇಳಿದಳು. ಅವರಪ್ಪ ಮನೆ ಬಿಟ್ಟು ಹೋಗಿದ್ದಾನೆ ಎಂದಾಗ, “ಅದಕ್ಕೇ ಮತ್ತೆ” ಎಂದಳು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಮುತ್ತಿನ ವಿಚಾರಕ್ಕೆ ಅವಳು ತಲೆಯೇ ಕೆಡಿಸಿಕೊಳ್ಳಲಿಲ್ಲ. ಧಾರಾವಾಹಿ ಓದಿದವಳಿಗೆ ಅದೇನು ಹೊಸತಲ್ಲ.

ಅವಳು ನಿಜವಾಗಿ ಕಿವಿ ನಿಮಿರಿಸಿದ್ದು ಮೂರನೇ ಭಾಗಕ್ಕೆ. 2017ರಲ್ಲಿ ಬಂದ ಆ ಭಾಗದಲ್ಲಿ ಹೈಸ್ಕೂಲು ಮುಗಿಯುತ್ತಾ ಬಂದಿದೆ. ಪೀಟರ್‌ಗೆ ಆಟದ ಕೋಟಾದಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಸೀಟಾಗಿದೆ. ಅಲ್ಲಿಯೇ ಸೇರಬೇಕೆಂದಿದ್ದ ಲಾರಾ ಜೀನ್‌ಗೆ ಸೀಟು ಸಿಗುವುದಿಲ್ಲ. ಪ್ರೇಮಕ್ಕೆ ಬಂದ ವಿಘ್ನ ವಿಲನ್ ಅಲ್ಲ, ಜಾತಿಯಲ್ಲ, ಅಡ್ಮಿಷನ್ ಪಟ್ಟಿ. ಸಿಇಟಿ ಕೌನ್ಸೆಲಿಂಗಿನ ಮೂರೂ ರೌಂಡಿಗೆ ನನ್ನ ಜೊತೆ ಕೂತು ಬೆರಳು ಮಡಚಿ ಎಣಿಸಿದ್ದ ಅಮ್ಮನಿಗೆ ಪ್ರೇಮಕಥೆ ಮೊದಲ ಸಲ ಮನೆಯೊಳಗೆ ಬಂದದ್ದು ಆಗ.

“ಅಯ್ಯೋ! ಆಮೇಲೆ?”

“ಬೇರೆ ಕಾಲೇಜಿಂದ ಕರೀತಾರೆ. ವೇಟಿಂಗ್ ಲಿಸ್ಟಲ್ಲಿತ್ತು. ನಾರ್ತ್ ಕ್ಯಾರೊಲಿನಾ ಅಂತ, ಬೇರೆ ರಾಜ್ಯ. ಅದು ಇನ್ನೂ ಒಳ್ಳೆ ಕಾಲೇಜು ಅವಳಿಗೆ. ಆದ್ರೆ ಅವನಿಂದ ದೂರ ಆಗತ್ತೆ.”

“ಹೋಗ್ತಾಳೋ ಇಲ್ವೋ?”

“ಹೋಗ್ತಾಳೆ.”

“ಹೋಗ್ಬೇಕು ಮತ್ತೆ” ಎಂದು ಅಮ್ಮ ಒಂದು ಹಿಡಿ ಹುರುಳಿಕಾಯಿಯನ್ನು ಮೊರಕ್ಕೆ ಸುರಿದಳು. “ಎಷ್ಟು ದೂರ ಇಬ್ರಿಗೂ?”

“ಕಾರಲ್ಲಿ ಮೂರು ಗಂಟೆ.”

“ಮೂರೇನಾ? ಪ್ಯಾಸೆಂಜರ್ ರೈಲಲ್ಲಿ ನೀನು ಮೈಸೂರಿಗೆ ಹೋಗೋಕೆ ಅದಕ್ಕಿಂತ ಜಾಸ್ತಿ ಆಗತ್ತೆ. ಅಷ್ಟಕ್ಕೆ ಅಳ್ತಾಳಾ ಅವ್ಳು?” ಮೊರ ಎತ್ತಿಕೊಂಡು ಎದ್ದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ತಿರುಗಿದಳು. “ಕಾಲೇಜಲ್ಲಿ ಅವ್ಳಿಗೆ ಹಾಸ್ಟೆಲ್ ರೂಮು ಒಬ್ಳಿಗೇನಾ, ಶೇರಿಂಗಾ?”